ಹತ್ತನೇ ಪ್ರಶ್ನೆಯ ಕೀ ಉತ್ತರ

ಹನ್ನೊಂದು ವರ್ಷದಿಂದ ನಾನು ಪರೀಕ್ಷಾ ಕಚೇರಿಯಲ್ಲಿ ಹಂಗಾಮಿ ಟೈಪಿಸ್ಟ್. ಪ್ರಪಂಚದ ಇತಿಹಾಸ, ಅಮೆರಿಕದ ಇತಿಹಾಸ, ಎರಡೂ ಪತ್ರಿಕೆ ನನ್ನ ಬೆರಳಿನಡಿಯೇ ಹಾದುಹೋಗಿವೆ. ಖಾಯಂ ಆಗಬೇಕಾದರೆ ಟೈಪ್ ಮಾಡುವ ವಿಷಯದಲ್ಲೇ ಮೌಖಿಕ ಪರೀಕ್ಷೆ ಕೊಡಬೇಕಂತೆ. ಕಣ್ಣುಮುಚ್ಚಿಕೊಂಡು ಟೈಪ್ ಮಾಡುವವರು ಬೇಡವಂತೆ. ಹತ್ತಕ್ಕೆ ಹತ್ತು ಬಂದರೆ ಖಾಯಂ, ಒಂಬತ್ತಾದರೆ ಮನೆಗೆ. ಎಂಥಾ ಕರ್ಮ!

ಹೊಸ ಪ್ರಶ್ನೆ ಬರೆಯಲು ಯಾರಿಗೆ ಪುರುಸೊತ್ತು? ದೊಡ್ಡ ಸಾಹೇಬರು ಬೀರುವಿನಿಂದ ಒಂದು ಹಳೆಯ ಪತ್ರಿಕೆಯನ್ನೂ ಅದರ ಕೀ ಉತ್ತರದ ಹಾಳೆಯನ್ನೂ ತೆಗೆದುಕೊಂಡು ಕೂತಿದ್ದರು.

"ಫ್ರಾನ್ಸಿನ ಕ್ರಾಂತಿ ಶುರುವಾದ ವರ್ಷ?"

"ಬಿ, ಸರ್."

"ಬಿ ಅಂದ್ರೆ ಏನಮ್ಮಾ?"

"1789, ಸರ್. ಅಭ್ಯಾಸಬಲ."

ಒಂಬತ್ತು ಪ್ರಶ್ನೆ ನೀರು ಕುಡಿದಷ್ಟು ಸಲೀಸಾಗಿ ಮುಗಿದವು.

"ಅಮೆರಿಕದ ಅಂತರ್ಯುದ್ಧ ಮುಗಿದಿದ್ದು?"

"ಎ. 1865."

ಸಾಹೇಬರು ಹಾಳೆ ನೋಡಿದರು. "ಕೀನಲ್ಲಿ ಸಿ ಅಂತಿದೆಯಲ್ಲಮ್ಮಾ. 1856."

"ಅದು ತಪ್ಪು ಸರ್. ಯಾರು ಟೈಪ್ ಮಾಡಿದ್ದು ಆ ಕೀನ?"

ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಟೈಪ್ ಮಾಡಿದವರು ಕೆಳಗೆ ಸಹಿ ಹಾಕುವುದು ನಮ್ಮಲ್ಲಿ ಪದ್ಧತಿ. ಸಹಿ ನನ್ನದೇ. ತಾರೀಕು ಆರು ವರ್ಷ ಹಿಂದಿನದು.

ಆ ವರ್ಷ ನನ್ನ ತಂಗಿ ಇದೇ ಪತ್ರಿಕೆಯಲ್ಲಿ ಒಂದೇ ಒಂದು ಅಂಕಕ್ಕೆ ಫೇಲಾಗಿದ್ದಳು. ಗೋಡೆಗೆ ಅಂಟಿಸಿದ್ದ ಕೀ ನೋಡಿ ಬಂದು, ಅಂತರ್ಯುದ್ಧದ್ದು ನಾನು ಸರಿಯಾಗೇ ಬರೆದಿದ್ದೆ ಕಣಕ್ಕಾ ಎಂದು ಮೂರು ದಿನ ಅತ್ತಳು. ಓದದೆ ನೆಪ ಹೇಳಬೇಡ, ನಮ್ಮ ಕಚೇರಿ ಕೀ ತಪ್ಪಾಗುತ್ತಾ ಎಂದು ಗದರಿಸಿದ್ದೆ. ಅವಳು ಪುಸ್ತಕ ಕಟ್ಟಿಟ್ಟು ಹೊಲಿಗೆ ಅಂಗಡಿ ಸೇರಿದಳು.

"ಸಿ ಅಂದ್ಬಿಡಮ್ಮಾ," ಎಂದರು ಸಾಹೇಬರು, ಒಳ್ಳೆಯ ಮನಸ್ಸಿನಿಂದಲೇ. "ಹತ್ತಕ್ಕೆ ಹತ್ತು ಹಾಕಿ ಊಟಕ್ಕೆ ಏಳ್ತೀನಿ."

"ಇಲ್ಲ ಸರ್. ಎ ಅಂತಲೇ ಬರ್ಕೊಳ್ಳಿ."

ಬರೆದುಕೊಂಡರು. ಒಂಬತ್ತು.

ನೆಟ್ಟಗೆ ಹೊಲಿಗೆ ಅಂಗಡಿಗೆ ಹೋದೆ. ತಂಗಿ ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು.

"ಕೆಲಸ ಹೋಯ್ತು ಕಣೇ," ಎಂದೆ. "ಆವತ್ತು ನಿನ್ನ ಉತ್ತರ ಸರಿಯಾಗಿತ್ತು. ಕೀ ತಪ್ಪಾಗಿ ಟೈಪ್ ಮಾಡಿದ್ದು ನಾನೇ."

ಅವಳು ದಾರವನ್ನು ಹಲ್ಲಲ್ಲಿ ಕಡಿದಳು.

"ಕೀ ಯಾರು ಟೈಪ್ ಮಾಡಿದ್ರು ಅಂತ ನಂಗೇನು ಗೊತ್ತಕ್ಕಾ?" ಎಂದಳು. "ನೀನು ನನ್ನ ನಂಬ್ಲಿಲ್ಲ, ಅದಷ್ಟೇ ಗೊತ್ತಿತ್ತು."

ಆಮೇಲೆ ಸ್ಟೂಲನ್ನು ಕಾಲಲ್ಲಿ ಮುಂದಕ್ಕೆ ತಳ್ಳಿ, ಕೂತ್ಕೋ ಎಂದಳು. ನನಗೆ ಕೂರಲಾಗಲಿಲ್ಲ.