ಎಡೆಗಿಟ್ಟ ಹಣ್ಣು

ನ್ಯಾನ್ ಸತ್ತು ವರ್ಷವಾಯಿತು. ಆದರೂ ಬೆಳಗ್ಗೆ ರೋಗಿಗಳನ್ನು ಕೂರಿಸಿಕೊಂಡು ನಾನು ಪಾಠ ಹೇಳಲು ಬಾಯಿ ತೆರೆದರೆ ಸಾಕು, ಹಿಂದಿನ ಸಾಲಿನಲ್ಲಿ ಬಂದು ಕೂರುತ್ತಾಳೆ. ಸಂತೆಯಲ್ಲಿ ಮೀನಿನ ರಸ ಮಾರುತ್ತಿದ್ದವಳು. ಆ ವಾಸನೆಯೂ ಜೊತೆಗೇ ಬರುತ್ತದೆ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾಳೆ.

ಫಾನ್ ಥಿಯೆಟ್‌ನ ನಮ್ಮ ಆಸ್ಪತ್ರೆಗೆ ಕೊಲೊನೋಸ್ಕೋಪಿಗೆ, ಅಂದರೆ ಕರುಳಿಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಗೆ, ಬರುವವರಿಗೆ ಸಿದ್ಧತೆ ಹೇಳಿಕೊಡುವುದು ನನ್ನ ಕೆಲಸ. ಮೂರು ದಿನ ಮೊದಲಿಂದಲೇ ಬೀಜದ ಹಣ್ಣು, ಸೊಪ್ಪು ಬೇಡ. ಹಿಂದಿನ ದಿನ ಬರೀ ತಿಳಿ. ಆಮೇಲೆ ಔಷಧಿ ಕಲಸಿದ ನೀರು ಕುಡಿದು, ಹೊರಗೆ ಹೋಗುವುದು ನೀರಿನಷ್ಟೇ ತಿಳಿಯಾಗುವ ತನಕ ಹೋಗುತ್ತಿರಬೇಕು. ಕರುಳು ಕೊಳಕಾಗಿದ್ದರೆ ಕ್ಯಾಮೆರಾಗೆ ಏನೂ ಕಾಣದು. ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದೇನೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಿಬಿಡುತ್ತೇನೆ.

ನ್ಯಾನ್ ಪರೀಕ್ಷೆಗೆ ಬಂದ ದಿನ ಪರದೆಯ ತುಂಬ ಕಪ್ಪು ಬೀಜ, ಕೆಂಪು ರಸ. ಡಾಕ್ಟರು ಕೈಚೆಲ್ಲಿದರು. ನನಗೆ ರೇಗಿತು. ಹೊರಗೆ ಬಂದವಳನ್ನು ಅಲ್ಲೇ ಹಿಡಿದೆ.

"ಡ್ರ್ಯಾಗನ್ ಹಣ್ಣು ತಿಂದಿದೀಯಲ್ಲಮ್ಮ!"

"ಇಲ್ಲ ಸಿಸ್ಟರ್. ನಿಮ್ಮಾಣೆ, ನೀವು ಹೇಳಿದ್ದು ಬಿಟ್ಟು ಏನೂ ತಿಂದಿಲ್ಲ."

"ಸುಳ್ಳು ಬೇರೆ! ಹೊಟ್ಟೆ ನಿಂದೋ, ಪಕ್ಕದ್ಮನೆಯೋರದೋ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವಳು ತಲೆ ತಗ್ಗಿಸಿ ಹೋದಳು. ಮತ್ತೆ ಬಾ ಎಂದು ಬರೆದುಕೊಟ್ಟ ದಿನ ಬರಲಿಲ್ಲ. ಎಂಟು ತಿಂಗಳಾದ ಮೇಲೆ ಹೊಟ್ಟೆ ಉಬ್ಬರಿಸಿ ಬಂದಾಗ ಕರುಳಿನ ಕ್ಯಾನ್ಸರ್ ಕೈಮೀರಿತ್ತು.

ಅವಳು ಸತ್ತ ಮೇಲೆ ಊದುಬತ್ತಿ ಹಚ್ಚಲು ಮನೆಗೆ ಹೋದೆ. ಮಗಳು ಮೀಯೆನ್ ಎಡೆಯಿಂದ ಡ್ರ್ಯಾಗನ್ ಹಣ್ಣು ತೆಗೆದು ಒಂದು ಹೋಳು ಕೈಗಿತ್ತಳು. ಊಟವಾಗಿದೆ ಎಂದೆ.

"ಇದು ತಿನ್ನೋದಲ್ಲ ಸಿಸ್ಟರ್, ಪ್ರಸಾದ. ಅಪ್ಪನ ತಿಥಿ ದಿನ ಅಮ್ಮ ಒಂದು ಹಣ್ಣು ಪೂರ್ತಿ ತಗೊಳ್ಳೋರು. ನಿಮ್ಮಲ್ಲಿಗೆ ಕ್ಯಾಮೆರಾ ಪರೀಕ್ಷೆಗೆ ಬಂದ್ರಲ್ಲ, ಅದ್ರ ಹಿಂದಿನ ದಿನಾನೇ ತಿಥಿ."

ಹೋಳನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗಿಟ್ಟೆ. ನ್ಯಾನ್ ಸುಳ್ಳು ಹೇಳಿರಲಿಲ್ಲ. ಸತ್ತವರು ಕೊಟ್ಟದ್ದನ್ನು ನಮ್ಮಲ್ಲಿ ಯಾರೂ ತಿಂದೆ ಅನ್ನುವುದಿಲ್ಲ. ನನ್ನ ಮನೆಯಲ್ಲೂ ಹಿರಿಯರಿಗೆ ಎಡೆ ಇಡುತ್ತೇನೆ, ತೆಗೆದು ಬಾಯಿಗೆ ಹಾಕಿಕೊಳ್ಳುತ್ತೇನೆ. ಆದರೂ ಅವಳನ್ನು ಕೇಳಬೇಕೆಂದು ಈ ಮಂಕು ತಲೆಗೆ ಹೊಳೆಯಲಿಲ್ಲ.

ಕಳೆದ ತಿಂಗಳು ಮೀಯೆನ್ ಪಾಠಕ್ಕೆ ಬಂದು ಕೂತಳು. ತಾಯಿಯ ಹಾಗೇ ಅವಳಿಗೂ ಮಲದಲ್ಲಿ ರಕ್ತ ಹೋಗುತ್ತಿತ್ತಂತೆ. ಚೀಟಿಯಲ್ಲಿ ಪರೀಕ್ಷೆಯ ದಿನ ನೋಡಿದೆ. ತಾಯಿಯ ಮೊದಲ ತಿಥಿಯ ಮಾರನೆಯ ದಿನ! ಮುಂದಕ್ಕೆ ಹಾಕಿದರೆ ಮತ್ತೆ ಸರದಿ ಬರುವುದು ಎರಡು ತಿಂಗಳಿಗೆ.

"ಎಡೆಯ ಹಣ್ಣೂ ಮುಟ್ಟಬಾರ್ದು" ಎಂದೆ.

"ಅಯ್ಯೋ, ಮೊದಲ್ನೇ ವರ್ಷದ್ದು! ಬೇಡ ಅಂದ್ರೆ ಅಮ್ಮ ನೊಂದ್ಕೋತಾರೆ. ಒಂದೇ ಚೂರು?"

"ಚೂರೂ ಇಲ್ಲ. ನಾನೇ ಬಂದು ಕೇಳ್ತೀನಿ ಅವರನ್ನ."

ತಿಥಿಯ ಮಧ್ಯಾಹ್ನ ನ್ಯಾನ್‌ಳ ಫೋಟೊ ಮುಂದೆ ಮಂಡಿಯೂರಿದೆ. ಎರಡು ಹಳೆಯ ನಾಣ್ಯ ತಟ್ಟೆಗೆ ಬೀಳಿಸಿ ಕೇಳಬೇಕು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಸತ್ತವರು ಒಪ್ಪಿದಂತೆ. ಮೂರು ಸಲವೂ ಒಪ್ಪದಿದ್ದರೆ ಮೀಯೆನ್ ಆ ಹಣ್ಣು ತಿಂದೇ ತಿನ್ನುವವಳು. ನೆಂಟರೆಲ್ಲ ಕೇಳುವಂತೆ ಹೇಳಿದೆ.

"ನ್ಯಾನಕ್ಕ, ತಪ್ಪು ನಂದು. ಕೇಳೋದು ಬಿಟ್ಟು ಬೈದೆ. ಹತ್ತು ಜನದ ಮುಂದೆ ನಿಮ್ಮ ಮಾನ ಕಳೆದೆ. ಮಗಳು ನಾಡಿದ್ದು ತಗೋತಾಳೆ ಹಣ್ಣನ್ನ. ಇವತ್ತೊಂದಿನ ಬಿಟ್ಟುಬಿಡಿ."

ನಾಣ್ಯ ಬಿದ್ದವು. ಒಂದು ಅಂಗಾತ, ಒಂದು ಬೋರಲು. ಮೊದಲ ಸಲಕ್ಕೇ.

ಮಾರನೆಯ ದಿನ ಮೀಯೆನ್‌ಳ ಕರುಳು ತೊಳೆದಿಟ್ಟ ಪಿಂಗಾಣಿ ಬಟ್ಟಲಿನ ಹಾಗಿತ್ತು. ಒಂದು ಮಡಿಕೆಯ ಹಿಂದೆ ಕಡಲೆಕಾಳಿನಷ್ಟು ಗಂಟು. ಇನ್ನೂ ಬಲಿತಿರಲಿಲ್ಲ, ಡಾಕ್ಟರು ಅಲ್ಲೇ ಕತ್ತರಿಸಿ ತೆಗೆದರು.

ಸುದ್ದಿ ಹೇಳಿದಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ಅಮ್ಮ ಎಷ್ಟು ಬೇಗ ಒಪ್ಕೊಂಡ್ರು, ನೋಡಿದ್ರಾ?" ಎಂದಳು. "ಅವತ್ತು ಕೇಳಿದ್ರೆ ಅಪ್ಪನೂ ಒಪ್ತಿದ್ರು ಸಿಸ್ಟರ್. ಅಮ್ಮ ಕೇಳಿದ್ದಕ್ಕೆ ಅವರು ಯಾವತ್ತೂ ಇಲ್ಲ ಅಂದೋರೇ ಅಲ್ಲ."