ಇಗ್ನಾತ್ ಬೈದ ದಿನ

ರೆಪ್ಪೆಯ ಮೇಲೆ ಏನೋ ತಣ್ಣಗೆ ಬಿತ್ತು, ಇನ್ನೊಂದು ಮೂಗಿನ ತುದಿಗೆ, ಹಿಮ, ಅಲ್ಲ, ತನ್ನದೇ ಉಸಿರು, ರಾತ್ರಿಯೆಲ್ಲ ಗುಡಾರದ ಬಟ್ಟೆಗೆ ಅಂಟಿ ಹೆಪ್ಪುಗಟ್ಟಿದ ಉಸಿರು ಈಗ ಬಿಸಿಲು ತಾಗಿ ಪುಡಿಪುಡಿಯಾಗಿ ಉದುರುತ್ತಿದೆ, ರಿಮ್ಮಾ ಕಣ್ಣು ತೆರೆಯದೆ ನಾಲಿಗೆ ಚಾಚಿ ಒಂದನ್ನು ಹಿಡಿದಳು, ರುಚಿಯೇನಿಲ್ಲ, ಆದರೂ ತಣ್ಣಗಿದೆ ಎಂದು ನಾಲಿಗೆಗೆ ತಿಳಿಯಿತಲ್ಲ, ಹೋದ ಚಳಿಗಾಲದಲ್ಲಿ ಅದೂ ತಿಳಿಯುತ್ತಿರಲಿಲ್ಲ, ಆ ಔಷಧಿ ಹನಿಹನಿಯಾಗಿ ರಕ್ತಕ್ಕೆ ಇಳಿಯುತ್ತಿದ್ದ ದಿನಗಳಲ್ಲಿ ಕುಡಿಯುವ ನೀರು ಕೂಡ ಕಬ್ಬಿಣ ನೆಕ್ಕಿದ ಹಾಗೆ, ಈಗ ಎಲ್ಲ ಮುಗಿಯಿತು, ಗಂಟು ಹೋಯಿತು, ಎಡಗಡೆಯ ಎದೆ ಹೋಯಿತು, ಕೂದಲು ಹೋಗಿ ಬಾತುಮರಿಯ ಪುಕ್ಕದಷ್ಟು ಮತ್ತೆ ಬಂತು, ಹೋಗಿ ರಿಮ್ಮಾ ಪಾವ್ಲೊವ್ನಾ, ಬದುಕಿ ಹೋಗಿ ಎಂದು ಡಾಕ್ಟರೇ ಹೇಳಿದರು, ಅದಕ್ಕೇ ಬಂದದ್ದು — ಹೊರಗೆ ಪಿಸುಮಾತು, ಇದೇ, ಇದೇ ಅವಳಿಗೆ ಆಗದ್ದು, ಶ್, ಮೆಲ್ಲಗೆ ಕಣೋ ರುಸ್ತಂ, ರಿಮ್ಮಾ ಇನ್ನೂ ಮಲಗಿದಾಳೆ, ಇದು ಲೀದಾ, ಅವಳೂ ರಿಮ್ಮಾಳೂ ಒಂದೇ ಡಿಪೋದಲ್ಲಿ ಟ್ರಾಮ್ ಓಡಿಸಿ ಮುದುಕಿಯರಾದವರು, ನಾನೇನ್ ಮಾಡ್ದೆ, ಚಮಚ ಜಾರ್ತು ಅಷ್ಟೆ, ಇದು ರುಸ್ತಂ, ಗುಂಪಿನ ಅಡುಗೆಯವನು, ಕಜಾನ್ ಕಡೆಯ ತಾತಾರ, ಪಾತ್ರೆ ಸದ್ದು ಮಾಡದೆ ಅಡುಗೆ ಮಾಡಿದ್ದನ್ನು ಅವಳು ಈ ವರ್ಷವೇ ಮೊದಲು ಕಂಡದ್ದು, ಪ್ರತಿ ಸೆಪ್ಟೆಂಬರಿನಲ್ಲೂ ಹಳೆಯ ಸೈನ್ಯದ ಟ್ರಕ್ಕೊಂದನ್ನು ಹತ್ತಿ ಪೆರ್ಮ್‌ನಿಂದ ಬಡಗಣ ಉರಾಲಿನ ಕಾಡಿಗೆ ಸುತ್ತಾಟಕ್ಕೆ ಹೊರಡುವ ಈ ಗುಂಪಿನಲ್ಲಿ ಬೆಳಗಾಯಿತು ಎಂದರೆ ಟ್ರಕ್ಕು ಓಡಿಸುವ ಇಗ್ನಾತ್ ಸೌಟಿನಿಂದ ಬಕೆಟ್ಟು ಬಡಿಯುತ್ತಾ ಬರುವುದು, ಏಳ್ರೋ ಹೆಣಗಳಾ, ಕರಡಿ ಬಂದು ನಿಮ್ಮ ಗಂಜಿ ತಿಂದು ಹೋಯ್ತು, ಏ ರಿಮ್ಕಾ, ಎದ್ದೇಳೇ, ಹಳಿ ಹುಡುಕ್ತಾ ಮಲಗಿದೀಯಾ, ಹಾಗೆ, ಹಾಗಿರಬೇಕು ಬೆಳಗು, ಈಗ ಅದೇ ಇಗ್ನಾತ್ ಗುಡಾರದ ಬಾಗಿಲ ಬಳಿ ಕೆಮ್ಮಿ, ನಿಂತು, ಮತ್ತೆ ಕೆಮ್ಮಿ, ಹತ್ತಿಯಲ್ಲಿ ಸುತ್ತಿದಂಥ ದನಿಯಲ್ಲಿ, ಒರಟು ರಿಮ್ಕಾ ಬಿಟ್ಟು ಮಗುವನ್ನು ಮುದ್ದಿಸುವ ಹೆಸರಿನಲ್ಲಿ ಕೇಳುತ್ತಾನೆ, ರಿಮೋಚ್ಕಾ, ಎಚ್ಚರ ಆಯ್ತೇನಮ್ಮಾ, ಚಹಾ ಅಲ್ಲಿಗೇ ತರ್ಲಾ.

ಆ ದನಿ. ಅವಳು ಮಲಗುಚೀಲದೊಳಗೆ ಮಂಡಿ ಮಡಚಿದಳು, ಬರ್ತೀನಿ, ಎದ್ದೆ, ಬೇಡ ಎಂದು ಹೇಳಿಯೂ ಹೇಳಿದಳು, ಆದರೆ ಆ ದನಿಯನ್ನು ಅವಳು ಎಲ್ಲಿ ಕೇಳಿದ್ದಳೋ ಅಲ್ಲಿಗೆ ಮನಸ್ಸು ಹೋಗಿಬಿಟ್ಟಿತು, ಇಗ್ನಾತನ ಹೆಂಡತಿ ನೀನಾ, ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ ನೀನಾ, ಅವಳಿಗೂ ಇದೇ ಕಾಯಿಲೆ, ಕೊನೆಗೆ ಮನೆಗೇ ಕಳಿಸಿದ್ದರು, ನೋಡಲು ಹೋದಾಗ ಕಿಟಕಿಗೆ ಪರದೆ, ಮಂಚದ ಪಕ್ಕದ ಸ್ಟೂಲಿನ ಮೇಲೆ ಈ ದೊಡ್ಡ ಆಳು ಮುದುರಿ ಕೂತು, ನೀನೋಚ್ಕಾ, ಒಂದು ಚಮಚ, ಒಂದೇ ಒಂದು ಚಮಚ, ಅಷ್ಟು ಮೆತ್ತಗೆ, ಜೀವಮಾನವೆಲ್ಲ ಹೆಂಡತಿಯ ಜತೆ ಕಿರುಚಾಡಿಕೊಂಡೇ ಸುಖವಾಗಿದ್ದವನು ಆ ಮೆತ್ತಗಿನ ದನಿಯನ್ನು ಎಲ್ಲಿಂದ ತಂದನೋ, ನೀನಾ ಅವನ ಹೆಗಲ ಮೇಲಿಂದ ರಿಮ್ಮಾಳತ್ತ ನೋಡಿ ಹುಬ್ಬು ಹಾರಿಸಿದ್ದಳು, ನೋಡಿದ್ಯಾ, ಇವನು ಬಯ್ಯೋದು ನಿಲ್ಲಿಸಿದ ಅಂದ್ರೆ ನನ್ನ ಕತೆ ಮುಗೀತು ಅಂತ — ಆ ಮಾತು ಮುಗಿಸಿ ನಕ್ಕವಳು ಬಹಳ ದಿನ ಉಳಿಯಲಿಲ್ಲ, ಈಗ ಅದೇ ದನಿ ತನಗೆ ಬಂದಿದೆ, ಡಾಕ್ಟರು ಹೇಳದ್ದೇನಾದರೂ ಇವರಿಗೆ ಗೊತ್ತೋ, ಲೀದಾಗೆ ಗೊತ್ತೋ, ಛೇ, ಏನೂ ಇಲ್ಲ, ವರದಿ ನಾನೇ ಓದಿದ್ದೇನೆ, ಆದರೂ ಊರು ಬಿಟ್ಟಾಗಿನಿಂದ ಪ್ರತಿ ಸಲ ರಿಮೋಚ್ಕಾ ಎಂದಾಗಲೂ ಬೆನ್ನಹುರಿಯಲ್ಲಿ ಯಾರೋ ಪರದೆ ಎಳೆದ ಹಾಗೆ.

ಗಂಜಿ ಕುಡಿದದ್ದು, ಗುಡಾರ ಬಿಚ್ಚಿದ್ದು, ಬಿಚ್ಚಿದ್ದು ಉಳಿದವರು, ಅವಳು ಗೂಟ ಕೀಳಲು ಬಗ್ಗಿದರೆ ಲೀದಾ ಓಡಿಬಂದು ಕೈಯಿಂದ ಕಸಿದಳು, ನೀನು ಕೂತ್ಕೋ ಚಿನ್ನಾ, ಕೂತು ಎಲ್ಲಿ ನೋಡಲಿ, ಬೆಟ್ಟದ ಮೈಗೆಲ್ಲ ಲಾರ್ಚ್ ಮರಗಳು ಅರಿಸಿನ ಬಳಿದುಕೊಂಡು ನಿಂತಿವೆ, ಕಾಲ ಬುಡದಲ್ಲಿ ಕೆಂಪು ಲಿಂಗೊನ್ ಹಣ್ಣು, ಚೆಂದವೇ, ಆದರೆ ಚೆಂದವನ್ನು ಕೂತು ನೋಡಲು ಬಂದವಳೇ ಅವಳು, ಟ್ರಕ್ಕಿನಲ್ಲೂ ಮುಂದಿನ ಸೀಟು ಅವಳಿಗೆ, ಹಿಂದೆ ಬೆಂಚಿನ ಮೇಲೆ ಆಲೂಗಡ್ಡೆ ಮೂಟೆಗಳ ನಡುವೆ ಒಬ್ಬರ ಮೊಣಕೈ ಒಬ್ಬರ ಪಕ್ಕೆಗೆ ತಿವಿಯುತ್ತಾ ಉಳಿದವರು ನಗುವುದು ಇಂಜಿನ್ನಿನ ಸದ್ದಿನ ಆಚೆಗೂ ಕೇಳುತ್ತಿದೆ, ಇಲ್ಲಿ ಬೆಚ್ಚಗಿದೆ, ಕಂಬಳಿ ಇದೆ, ಇಗ್ನಾತ್ ಒಂದೊಂದು ಕಲ್ಲಿಗೂ ಬ್ರೇಕು ಹಾಕುತ್ತಿದ್ದಾನೆ, ಕಲ್ಲಿಗೆ ಬ್ರೇಕು, ಈ ಮನುಷ್ಯ, ಹಿಂದೊಂದು ವರ್ಷ ಟ್ರಕ್ಕು ಎಗರಿ ಅವಳ ಹಲ್ಲು ನಾಲಿಗೆ ಕಚ್ಚಿ ರಕ್ತ ಬಂದಾಗ, ಬಾಯಿ ಮುಚ್ಚಿ ಕೂತಿದ್ರೆ ಹೀಗಾಗ್ತಿತ್ತೇನೇ ಎಂದು ಕೇಳಿದವನು, ಅವಳು ಬೇಕೆಂದೇ ಕೆಣಕಿದಳು, ಏನೋ ಇಗ್ನಾತ್, ಹೆಣದ ಗಾಡಿ ಓಡಿಸೋ ಹಾಗೆ ಓಡಿಸ್ತಿದೀಯ, ಆಗಲಾದರೂ ಎರಡು ಮಾತು ಬೀಳಲಿ ಎಂದು, ಅವನ ದವಡೆ ಬಿಗಿಯಿತು, ಸ್ಟೀರಿಂಗಿನ ಮೇಲಿದ್ದ ಗೆಣ್ಣು ಬೆಳ್ಳಗಾಯಿತು, ನಿನಗೆ ಕುಲುಕಾಟ ಆಗಬಾರದು ಅಂತ ರಿಮೋಚ್ಕಾ, ಅಷ್ಟೇ, ಅವಳು ಕಿಟಕಿಯತ್ತ ತಿರುಗಿದಳು, ಅಳಬಾರದು, ಅತ್ತರೆ ಕರವಸ್ತ್ರ ಕೊಡುತ್ತಾನೆ, ಅದಕ್ಕಿಂತ ಇಲ್ಲೇ ಇಳಿದು ತೋಳಗಳ ಜತೆ ಹೋಗುವುದು ಮೇಲು.

ಮಧ್ಯಾಹ್ನಕ್ಕೆ ಹೊಳೆ ಬಂತು, ಬೆಟ್ಟದ ಮೇಲೆಲ್ಲೋ ಮಳೆ ಸುರಿದಿರಬೇಕು, ನೀರು ಚಹಾದ ಬಣ್ಣ, ಪ್ರತಿ ವರ್ಷ ದಾಟುವ ಜಾಗವೇ, ಇಗ್ನಾತ್ ನಿಧಾನ, ತೀರ ನಿಧಾನ ಇಳಿಸಿದ, ಅದೇ ತಪ್ಪಾದದ್ದು, ಯಾವಾಗಿನ ಹಾಗೆ ಒಂದೇ ಏಟಿಗೆ ನುಗ್ಗಿಸಿದ್ದರೆ ದಾಟಿರುತ್ತಿತ್ತು, ಆಚೆ ದಡ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಹಿಂದಿನ ಎಡಚಕ್ರ ಧಡಕ್ಕನೆ ಹೊಂಡಕ್ಕೆ ಇಳಿಯಿತು, ಟ್ರಕ್ಕು ಕುಂಡೆ ಊರಿ ಕೂತ ಎಮ್ಮೆಯಂತೆ ಒಂದು ಕಡೆಗೆ ವಾಲಿತು, ನೀರು ಮೆಟ್ಟಿಲಿಗೆ, ಬಾಗಿಲಿಗೆ, ಇಳೀರಿ, ಎಲ್ಲ ಇಳೀರಿ, ಮೂಟೆ ದಡಕ್ಕೆ ಹಾಕಿ, ಇಗ್ನಾತ್ ಕೂಗಿದ, ಆಹಾ ಕೂಗಿದ, ಆದರೆ ಅವಳನ್ನು ಮಾತ್ರ ರುಸ್ತಂ ಮಗುವಿನಂತೆ ಬೆನ್ನ ಮೇಲೆ ಹೊತ್ತು ದಡಕ್ಕೆ ತಂದು ಕಂಬಳಿ ಹಾಸಿ ಕೂರಿಸಿದ, ಅಲ್ಲಾಡಬೇಡ ಅಕ್ಕಾ, ಈ ಫ್ಲಾಸ್ಕು ಹಿಡ್ಕೋ, ಹಿಡಿದಳು, ಎಲ್ಲರೂ ಸೊಂಟಮಟ್ಟದ ನೀರಿನಲ್ಲಿ ಮೂಟೆ ಹೊರುತ್ತಿದ್ದಾರೆ, ಲೀದಾಳ ತುಟಿ ನೀಲಿಯಾಗಿದೆ, ರಿಮ್ಮಾ ಒಬ್ಬಳು ಫ್ಲಾಸ್ಕು ಹಿಡಿದು ಕೂತಿದ್ದಾಳೆ, ರುಸ್ತಂ ಟ್ರಕ್ಕಿನ ಮೂತಿಯ ರಾಟೆಗೆ ಸುತ್ತಿದ್ದ ಉಕ್ಕಿನ ಹಗ್ಗದ ಕೊಕ್ಕೆ ಹಿಡಿದು ದಡ ಹತ್ತಿದ, ಮೇಲಿನ ದಪ್ಪ ಲಾರ್ಚಿಗೆ ಸಿಕ್ಕಿಸಿ ರಾಟೆ ತಿರುಗಿಸಿದರೆ ಟ್ರಕ್ಕು ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರಬೇಕು, ಆದರೆ ಹಗ್ಗ ಬರುತ್ತಿಲ್ಲ, ಅವನು ಹಿಂದಕ್ಕೆ ಬಾಗಿ ಜಗ್ಗುತ್ತಾನೆ, ಬರುತ್ತಿಲ್ಲ, ಹೊಳೆಯೊಳಗಿನ ಬಂಡೆಯೊಂದರ ಕೆಳಗೆ ಸಿಕ್ಕಿಕೊಂಡಿದೆ, ಅದು ಅವನಿಗೆ ಕಾಣದು, ಇಗ್ನಾತನಿಗೂ ಕಾಣದು, ಕೂತವಳಿಗೆ ಮಾತ್ರ ಕಾಣುತ್ತದೆ, ಕೂಗಿದಳು, ಬಂಡೆ, ಬಂಡೆ ಕೆಳಗೆ, ನೀರಿನ ಸದ್ದಿಗೆ ಯಾರಿಗೂ ಕೇಳಲಿಲ್ಲ, ಟ್ರಕ್ಕು ಇನ್ನೊಂದು ಗೇಣು ವಾಲಿತು, ಆಗ ಯೋಚಿಸಿದಳೇ, ಇಲ್ಲ, ಫ್ಲಾಸ್ಕು ಕೆಳಗಿಟ್ಟದ್ದು ನೆನಪಿದೆ, ಉರುಳದ ಹಾಗೆ ಕಲ್ಲಿಗೆ ಒರಗಿಸಿ ಇಟ್ಟದ್ದು ಕೂಡ.

ನೀರು ಮೊದಲು ತಣ್ಣಗಿರಲಿಲ್ಲ, ಸುಟ್ಟಿತು, ತೊಡೆಯವರೆಗೂ ಬೆಂಕಿ, ಆಮೇಲೆ ಕಾಲುಗಳೇ ಇಲ್ಲ, ಎಡಗೈಗೆ ಬಲವಿಲ್ಲ, ಆ ಕಂಕುಳಿನಿಂದ ಏನೇನೋ ಕೊಯ್ದು ತೆಗೆದಿದ್ದಾರೆ, ಇರಲಿ, ಟ್ರಾಮಿನ ಹಿಡಿಕೆ ತಿರುಗಿಸಿದ್ದು ಬಲಗೈ ತಾನೇ, ಬಂಡೆಯನ್ನು ತಬ್ಬಿ, ಕೆನ್ನೆಗೆ ಪಾಚಿ, ಬೆರಳು ಕೆಳಗೆ ತೂರಿಸಿ, ಹಗ್ಗ, ಸಿಕ್ಕಿತು, ಜಾರಿತು, ಸಿಕ್ಕಿತು, ಮೇಲಕ್ಕೆತ್ತಿ ಹೆಗಲು ಕೊಟ್ಟು ತಳ್ಳಿದಳು, ಬಂಡೆಯ ನೆತ್ತಿ ದಾಟಿ ಅದು ಹಾವಿನಂತೆ ಚಿಮ್ಮಿತು, ಎಳಿಯೋ ರುಸ್ತಂ, ಎಳೀ, ತನ್ನ ದನಿ ಇಷ್ಟು ದೊಡ್ಡದೆಂದು ಮರೆತೇ ಹೋಗಿತ್ತು, ರುಸ್ತಂ ಲಾರ್ಚಿಗೆ ಕೊಕ್ಕೆ ಹಾಕಿದ, ಇಂಜಿನ್ನು ಗುಡುಗಿತು, ಹಗ್ಗ ಬಿಗಿದು ಹಾಡತೊಡಗಿತು, ಟ್ರಕ್ಕು ನಡುಗಿ, ನರಳಿ, ಮೊದಲ ಚಕ್ರ, ಎರಡನೆಯದು, ನೀರು ಸುರಿಸುತ್ತಾ ದಡ ಹತ್ತಿತು, ಅವಳು ನಗುತ್ತಾ ಒಂದು ಹೆಜ್ಜೆ ಹಿಂದಿಟ್ಟಳು, ಅಲ್ಲಿ ನೆಲವಿರಲಿಲ್ಲ — ಆಕಾಶ, ಕಂದು, ಆಕಾಶ, ಕಿವಿಯೊಳಗೆ ನೀರು, ಇಷ್ಟೆಲ್ಲ ಆಗಿ ಇಲ್ಲಿಯೇ ಎಂದೊಂದು ಯೋಚನೆ, ಅಷ್ಟರಲ್ಲಿ ಕೊರಳಪಟ್ಟಿ ಕುತ್ತಿಗೆಗೆ ಬಿಗಿಯಿತು, ಯಾರೋ ಬೆಕ್ಕಿನ ಮರಿ ಎತ್ತುವ ಹಾಗೆ ಎತ್ತಿ ದಡದ ಕಲ್ಲುಗಳ ಮೇಲೆ ಎಳೆದರು, ಇಗ್ನಾತ್, ಗಡ್ಡದಿಂದ ನೀರು, ಮುಖ ಬೀಟ್ರೂಟಿನಂತೆ ಕೆಂಪು, ಬಾಯಿ ತೆರೆದ.

ಕತ್ತೇ, ಹಳಿ ತಪ್ಪಿದ ಮುದಿ ಟ್ರಾಮೇ, ಬಿಗಿದ ಹಗ್ಗದ ಮಗ್ಗುಲಲ್ಲಿ ನಿಲ್ತಾರೇನೇ, ಅದು ಕಿತ್ಕೊಂಡಿದ್ರೆ ನಿನ್ನ ತಲೆ ಒಂದು ಕಡೆ ಮುಂಡ ಒಂದು ಕಡೆ ಹೋಗ್ತಿತ್ತಲ್ಲೇ, ನಿನ್ನ ತಲೇಲಿ ಇರೋದು ಮಿದುಳಾ ಗಂಜಿಯಾ, ನಾನು ಯಾರಿಗೇ ಉತ್ತರ ಹೇಳ್ಲಿ, ಹೇಳೇ ರಿಮ್ಕಾ, ಬಾಯಿ ಬಿಡೇ — ರಿಮ್ಕಾ, ರಿಮ್ಕಾ ಎಂದ, ಕಾಡೆಲ್ಲ ಕೇಳುವ ಹಾಗೆ ಎಂದ, ಆಚೆ ಬೆಟ್ಟದಿಂದ ಅದು ತಿರುಗಿ ಬಂದದ್ದನ್ನೂ ಅವಳು ಕೇಳಿದಳು, ಲೀದಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಾಳೆ, ರುಸ್ತಂ ಹಗ್ಗ ಹಿಡಿದವನು ಹಾಗೇ, ಅವನು ಬಯ್ಯುತ್ತಲೇ ಅವಳ ತೊಯ್ದ ಕೋಟು ಕಿತ್ತೆಸೆದ, ಬಯ್ಯುತ್ತಲೇ ಟ್ರಕ್ಕಿನಿಂದ ತನ್ನ ಹತ್ತಿಯ ದಪ್ಪ ಕೋಟು ತಂದು ಹೊದಿಸಿದ, ಬಯ್ಯುತ್ತಲೇ ಗುಂಡಿ ಹಾಕತೊಡಗಿದ, ಚಳಿಗೆ ನೀಲಿಗಟ್ಟಿದ ಬೆರಳುಗಳು, ಒಂದೊಂದೂ ಕ್ಯಾರೆಟ್ಟಿನಷ್ಟು ದಪ್ಪ, ಗುಂಡಿ ಸಿಕ್ಕದೆ ತಡಕಾಡುತ್ತಿವೆ, ಬಾಯಿ ಗುಡುಗುತ್ತಿದೆ, ಅವಳ ಗಂಟಲಿನಿಂದ ಎದ್ದು ಬಂದದ್ದು ಅಳುವೆಂದೇ ಅವಳೂ ತಿಳಿದಳು, ಆದರೆ ಬಂದದ್ದು ಬೇರೆ, ನಿನ್ನ ಡಕೋಟಾನ ಹೊಂಡಕ್ಕೆ ಇಳಿಸಿದ್ದು ಯಾರೋ, ನಾನೇನೋ, ಬಸುರಿ ಹಸು ಹೊಡ್ಕೊಂಡು ಹೋದ ಹಾಗೆ ಓಡಿಸಿದ್ಯಲ್ಲೋ, ನನ್ನ ಟ್ರಾಮು ಇದ್ದಿದ್ರೆ ಇಷ್ಟೊತ್ತಿಗೆ ಮೂರು ಸಲ ದಾಟಿರ್ತಿತ್ತು, ರುಸ್ತಂ ಕುಕ್ಕುರುಗಾಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ, ಲೀದಾ ನಗುತ್ತಾ ಅಳುತ್ತಾ ಬಂದು ಕೊರಳಿಗೆ ಬಿದ್ದಳು, ಪಾಪಿ, ಪಾಪಿ ನೀನು, ದನಿ ಎತ್ತಿದ್ರೆ ಎಲ್ಲಿ ಒಡೆದು ಹೋಗ್ತೀಯೋ ಅಂತ ನಾವೆಲ್ಲ ಇಷ್ಟು ದಿನ ಪಿಸುಗುಟ್ಟಿದ್ದೇ ಬಂತು, ಇಗ್ನಾತ್ ಬೆನ್ನು ತಿರುಗಿಸಿ ಚಕ್ರಕ್ಕೆ ಒದ್ದ, ಒಣಗಿದ ಇಜಾರ ಕೊಡ್ರೇ ಆ ಮುದುಕಿಗೆ, ನಿಂತು ನೋಡ್ತಿದಾರೆ.

ಈಗ ಬೆಂಕಿ, ಬರ್ಚ್ ತೊಗಟೆಯ ಸಿಹಿ ಹೊಗೆ, ಇವತ್ತು ಇಲ್ಲೇ ಬಿಡಾರ, ಇಳಿಬಿಸಿಲು ಇನ್ನೂ ಮರಗಳ ನೆತ್ತಿಯಲ್ಲಿದೆ, ರುಸ್ತಂ ಪಾತ್ರೆಗಳನ್ನು ಬೇಕೆಂದೇ ಒಂದಕ್ಕೊಂದು ಬಡಿಯುತ್ತಿದ್ದಾನೆ, ತೊಳೆಯೋ ಸರದಿ ಯಾರದಪ್ಪಾ, ರಿಮ್ಕಾದು, ಮೈ ಹುಷಾರಿಲ್ಲ ಅಂತ ಜಾರ್ಕೋಬೇಡ ಅಕ್ಕಾ, ತೊಳೀತೀನಿ ಹೋಗೋ, ಕಾಲ ಬೆರಳುಗಳು ಒಂದೊಂದಾಗಿ ಹಿಂದಿರುಗುತ್ತಿವೆ, ಚುಚ್ಚುತ್ತಾ, ಉರಿಯುತ್ತಾ, ಬನ್ನಿ ಬನ್ನಿ, ಎಲ್ಲರೂ ಬನ್ನಿ, ಲೀದಾ ಮಗ್ಗುಲಿನಲ್ಲಿ ಮೊಣಕೈ ಪಕ್ಕೆಗೆ ತಿವಿಯುವಂತೆ ಕೂತಿದ್ದಾಳೆ, ನೋಯುತ್ತದೆ, ಸರಿಯಬೇಡ, ಅತ್ತ ಇಗ್ನಾತ್ ಟ್ರಕ್ಕಿನ ಕೆಳಗೆ ಅಂಗಾತ ಮಲಗಿ ಏನನ್ನೋ ಬಿಗಿಮಾಡುತ್ತಾ ಇನ್ನೂ ಗೊಣಗುತ್ತಿದ್ದಾನೆ, ಮಿದುಳಾ ಗಂಜಿಯಾ, ನಾಳೆ ಹಿಂದುಗಡೆ ಮೂಟೆ ಮೇಲೆ ಕೂರು, ಮುಂದಿನ ಸೀಟು ಗೀಟು ಏನಿಲ್ಲ ನಿನಗೆ, ಆಯ್ತು ಕಣೋ, ಎಂದಳು, ಎಷ್ಟು ಸಲೀಸಾಗಿ ಎಂದಳು, ಎದೆಯೊಳಗೆ ಎಷ್ಟೊಂದು ಜಾಗ, ಯಾರೋ ಪೀಠೋಪಕರಣವೆಲ್ಲ ಹೊರಗೆ ಸಾಗಿಸಿದ ಕೋಣೆಯ ಹಾಗೆ, ನಾಳೆ ಬೆಟ್ಟ ಹತ್ತಿದರೆ ಆಚೆಗೆ ಬೋಳು ಬಯಲು, ಅಲ್ಲಿ ಹಿಮ ಬಿದ್ದಿರುತ್ತದೆ, ಆಮೇಲೆ ಆರು ತಿಂಗಳಿಗೊಮ್ಮೆ ತಪಾಸಣೆ, ಬರಲಿ, ಅದೂ ಬರಲಿ, ಕೋಟಿನ ಕಾಲರು ಡೀಸೆಲ್ಲಿನ ವಾಸನೆ ಹೊಡೆಯುತ್ತಿದೆ, ಕುತ್ತಿಗೆ ಒಂದು ಕಡೆ ಎಳೆದಂತಾಗಿ ಬಗ್ಗಿ ನೋಡಿಕೊಂಡಳು, ಮೇಲಿನ ಗುಂಡಿ ಅದರದಲ್ಲದ ಕಾಜಾದೊಳಗೆ ಕೂತಿದೆ, ಹಾಗಾಗಿ ಕೋಟೆಲ್ಲ ಸೊಟ್ಟ, ಸರಿಮಾಡಲು ಬೆರಳು ಹೋಯಿತು, ಅಲ್ಲೇ ನಿಂತಿತು, ಲೀದಾ ಏನೋ ಕೇಳುತ್ತಿದ್ದಾಳೆ, ಚಹಾಕ್ಕೆ ಸಕ್ಕರೆಯೋ ಏನೋ, ಹೂಂ ಎಂದಳು, ಆ ಬೆರಳುಗಳು, ನೀಲಿ, ದಪ್ಪ, ತಡಕಾಡುತ್ತಾ, ಗುಂಡಿಯನ್ನು ತಪ್ಪು ಕಾಜಾದೊಳಗೆ ತುರುಕುತ್ತಾ, ಬಾಯಿ ಕಾಡೆಲ್ಲ ಕೇಳುವ ಹಾಗೆ ಬಯ್ಯುತ್ತಾ, ಬೆರಳುಗಳು, ತಡಕಾಡುತ್ತಾ, ಆ ಗುಂಡಿ, ತಪ್ಪು ಕಾಜಾ, ಆ ಬೆರಳುಗಳು