ತಲೆ ಎಣಿಕೆ

ಪೀಣ್ಯದ ಫ್ಯಾಕ್ಟರಿಗಳ ಬೆನ್ನಿಗಿದ್ದ ಆ ಬಾಲಕಿಯರ ಆಶ್ರಯಧಾಮಕ್ಕೆ ಸರ್ಕಾರದ ಅನುದಾನ ಬರುತ್ತಿದ್ದದ್ದು ತಲೆ ಎಣಿಸಿ. ಹುಡುಗಿಯರು ಕಡಿಮೆಯಾದರೆ ಅನುದಾನಕ್ಕೂ ಕತ್ತರಿ, ಕಾವಲಿನವಳ ಸಂಬಳಕ್ಕೂ ಕತ್ತರಿ. ಎಂಥ ಚಂದದ ಏರ್ಪಾಟು ನೋಡಿ, ಮಕ್ಕಳು ಮನೆ ಸೇರಿದರೆ ಅಲ್ಲಿ ದುಡಿಯುವವರ ಹೊಟ್ಟೆಗೆ ತಣ್ಣೀರು ಬಟ್ಟೆ!

ಕಾವಲಿನವಳು ಮಹಾನಂದಾ. ಗಂಡ ತೀರಿಕೊಂಡ ಮೇಲೆ ಸಿಂದಗಿ ಕಡೆಯಿಂದ ಬಂದು ದಾಸರಹಳ್ಳಿಯಲ್ಲಿ ಬಾಡಿಗೆ ರೂಮು ಹಿಡಿದವಳು. ಗೇಟಿನ ಕೀಲಿ ಅವಳ ಸೊಂಟದಲ್ಲಿ. ಅಗರಬತ್ತಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳೆಂದು ಅಧಿಕಾರಿಗಳು ಬಿಡಿಸಿ ತಂದಿಟ್ಟಿದ್ದ ದಾನೇಶ್ವರಿಯನ್ನು ತಾಯಿಗೆ ಒಪ್ಪಿಸಿ ಎಂದು ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬಂದ ದಿನ, ಮೇಲ್ವಿಚಾರಕಿ ಉಮಾಶ್ರೀ ಮೇಡಂ ಮಹಾನಂದಾಳನ್ನು ಒಳಗೆ ಕರೆದರು. ನಾಳೆ ತಪಾಸಣೆ ಇದೆ, ಒಂದು ತಲೆ ಕಡಿಮೆಯಾದರೂ ಈ ಧಾಮ ಮುಚ್ಚುತ್ತಾರೆ, ಆದೇಶ ಇನ್ನೂ ಬಂದಿಲ್ಲವೆಂದು ತಾಯಿಗೆ ಹೇಳಿಬಿಡು, ಒಂದೇ ದಿನದ ಮಾತು ಎಂದರು.

ಮಹಾನಂದಾ ಹೇಳಿಬಿಟ್ಟಳು. ಗಾರೆ ಕೆಲಸ ಬಿಟ್ಟು ಬಂದಿದ್ದ ತಾಯಿ ಮಲಕವ್ವ ವಾಪಸು ಹೋದಳು.

ಮರುದಿನ ತಪಾಸಣೆಯ ಸಾಹೇಬರು ಬಂದರು. ಸಾಲಾಗಿ ನಿಂತ ಹುಡುಗಿಯರನ್ನು ಎಣಿಸಿದರು, ಬಾಗಿಲು ಭದ್ರವೇ ಎಂದು ಎಳೆದು ನೋಡಿದರು, ಖುಷಿಯಾದರು. ಮಾರ್ಚ್ ಮುಗಿಯುವವರೆಗೆ ಈ ಸಂಖ್ಯೆ ಇಳಿಯದಂತೆ ನೋಡಿಕೊಳ್ಳಿ, ಮುಂದಿನ ವರ್ಷದ ಅನುದಾನ ಗ್ಯಾರಂಟಿ ಎಂದು ಹೇಳಿ ಕಾರು ಹತ್ತಿದರು. ಮಾರ್ಚ್ ಅಂತೆ ಮಾರ್ಚ್! ಆಗಿನ್ನೂ ಸಂಕ್ರಾಂತಿಯೇ ಬಂದಿರಲಿಲ್ಲ. ಮಹಾನಂದಾ ಮೇಡಂ ಮುಖ ನೋಡಿದಳು. ಮೇಡಂ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಗೇಟಿನಾಚೆ ಮತ್ತೆ ಮಲಕವ್ವ, ಕೈಯಲ್ಲಿ ಮಗಳಿಗೊಂದು ಹೊಸ ಚೂಡಿದಾರ. ದಾನೇಶ್ವರಿ ಬಟ್ಟೆ ಗಂಟು ಕಟ್ಟಿಕೊಂಡು ಮಹಾನಂದಾಳ ಬೆನ್ನಿಗೇ ನಿಂತಿದ್ದಳು. ಆದೇಶ ಬಂದದ್ದು, ಸಾಹೇಬರು ಅಂದದ್ದು ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಹುಡುಗಿಯನ್ನು ಬಿಟ್ಟರೆ ಮಹಾನಂದಾಳ ಕೆಲಸ ಹೋಯಿತು, ರೂಮೂ ಹೋಯಿತು. ಬಿಡದಿದ್ದರೆ ಈ ತಾಯಿಯ ಮುಖ ನೋಡುವುದು ಹೇಗೆ? ಕೀಲಿಗೆ ಹೋದ ಮಹಾನಂದಾಳ ಕೈ ಅಲ್ಲೇ ನಿಂತಿತು.

“ಇನ್ನೂ ಬಂದಿಲ್ಲವ್ವ,” ಅಂದಳು.

ದಾನೇಶ್ವರಿ ಬಾಯಿ ತೆರೆದವಳು ಮುಚ್ಚಿಕೊಂಡಳು. ಅವ್ವ ಜಗಳಕ್ಕೆ ನಿಂತರೆ ಅವಳನ್ನೂ ಎಲ್ಲಿ ಹಿಡಿದೊಯ್ಯುತ್ತಾರೋ ಎಂಬ ಹೆದರಿಕೆ ಅವಳಿಗೆ.

ಮಲಕವ್ವ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಂಬಿಗಳ ನಡುವೆ ಕೈ ತೂರಿಸಿ ಮಹಾನಂದಾಳ ಕೈ ಹಿಡಿದುಕೊಂಡಳು.

“ನಿನ್ನ ಕೈಯಾಗ ಏನೈತಿ ಬಿಡು ತಂಗಿ. ಒಳಗ ನೀ ಇದ್ದೀ ಅಂತ ನನಗ ಧೈರ್ಯ.”

ಮಲಕವ್ವ ತಿರುವಿನಲ್ಲಿ ಮರೆಯಾಗುವವರೆಗೂ ಮಹಾನಂದಾಳಿಗೆ ಬೆನ್ನ ಹಿಂದಿನ ಹುಡುಗಿಯತ್ತ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಈವರೆಗೆ ಅಕ್ಕಾ ಅಕ್ಕಾ ಎಂದು ಅವಳ ಸೆರಗು ಬಿಡದಿದ್ದ ದಾನೇಶ್ವರಿ ಗಂಟು ಎತ್ತಿಕೊಂಡು ಒಳಬಾಗಿಲು ದಾಟಿ ಮಹಾನಂದಾಳತ್ತ ತಿರುಗಿದಳು.

“ಕೀಲಿ ಹಾಕ್ರಿ ಮೇಡಂ,” ಅಂದಳು.